ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಕೊಲೆಸ್ಟ್ರಾಲ್ ತೀರಾ ಕಡಿಮೆ ಬಂದರೆ: ವರದಿಯನ್ನು ಓದುವ ಕ್ರಮ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ನಾದಿನಿ ಕಳೆದ ವರ್ಷ ಶ್ರಾವಣ ಮುಗಿದ ವಾರದಲ್ಲಿ ರಕ್ತಪರೀಕ್ಷೆಯ ವರದಿಯೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರು ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡು ಆಗ 14 ತಿಂಗಳಾಗಿತ್ತು; 118 ಕಿಲೋ ಇದ್ದವರು 74 ಕಿಲೋಗೆ ಇಳಿದಿದ್ದರು. ಒಟ್ಟು ಕೊಲೆಸ್ಟ್ರಾಲ್ 98, ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) 38, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 41, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) 95 ಎಂದು ವರದಿಯಲ್ಲಿತ್ತು. ಮೊದಲ ಅಂಕಿಯ ಪಕ್ಕದಲ್ಲಿ ಕೆಳಮುಖವಾದ ದಪ್ಪ ಬಾಣವೊಂದಿತ್ತು. “ಇಪ್ಪತ್ತು ವರ್ಷ ಜಾಸ್ತಿ ಅಂತ ಬೈಸಿಕೊಂಡೆ, ಈಗ ಕಡಿಮೆ ಅಂತ ಹೆದರಬೇಕಾ ಅಣ್ಣ?” ಎಂದು ಕೇಳಿದರು. ಅಷ್ಟರಲ್ಲಾಗಲೇ ಪಕ್ಕದ ಮನೆಯವರ ಸಲಹೆಯಂತೆ ಬೆಳಗಿನ ಗಂಜಿಗೆ ಎರಡು ಚಮಚ ತುಪ್ಪ ಬೀಳತೊಡಗಿತ್ತು.

ಮುಂಬಯಿಯ ಪ್ರಯೋಗಾಲಯಗಳಲ್ಲಿ ಮೂರು ದಶಕ ಕೆಲಸ ಮಾಡಿ ನಿವೃತ್ತನಾದವನು ನಾನು, ವೈದ್ಯನಲ್ಲ. ಔಷಧವನ್ನು ಕೊಡುವ, ನಿಲ್ಲಿಸುವ ತೀರ್ಮಾನ ವೈದ್ಯರದೇ. ಆದರೆ ವೈದ್ಯರ ಮುಂದೆ ಕೂರುವ ಹತ್ತು ನಿಮಿಷಗಳಲ್ಲಿ ಸರಿಯಾದ ಮಾತು ನಡೆಯಬೇಕಾದರೆ ಏನೇನನ್ನು ಜೋಡಿಸಿಕೊಂಡು ಹೋಗಬೇಕೆಂಬುದನ್ನು ಹೇಳಬಲ್ಲೆ. ಈ ಶಸ್ತ್ರಚಿಕಿತ್ಸೆಯ ನಂತರ ಬರುವ ಕಡಿಮೆ ಕೊಲೆಸ್ಟ್ರಾಲ್ ಸಾಮಾನ್ಯವಾಗಿ ರೋಗವಲ್ಲ. ಅದು ಚಿಕಿತ್ಸೆ ಫಲಿಸಿದ್ದರ ಗುರುತಾಗಿರಬಹುದು, ಅಥವಾ ದೇಹ ಒಳಗೊಳಗೇ ಉಪವಾಸ ಬಿದ್ದಿರುವುದರ ಗುರುತಾಗಿರಬಹುದು. ಅಂಕಿ ಎರಡಕ್ಕೂ ಒಂದೇ. ಯಾವುದು ಯಾವುದೆಂದು ತಿಳಿಯುವುದು ಅದರ ಸುತ್ತಲಿನ ಇತರ ಸಂಗತಿಗಳಿಂದ ಮಾತ್ರ.

ಮೊದಲ ಹೆಜ್ಜೆ: ಆದದ್ದು ಯಾವ ಶಸ್ತ್ರಚಿಕಿತ್ಸೆ?

ಡಿಸ್ಚಾರ್ಜ್ ಕಾರ್ಡನ್ನು ಹುಡುಕಿ ತೆಗೆಯಿರಿ. ನಮ್ಮ ಜನರಲ್ಲಿ ‘ಬೈಪಾಸ್ ಆಗಿದೆ’ ಎಂದರೆ ಹೃದಯದ ಬೈಪಾಸ್ ಎಂದೇ ತಿಳಿಯುವವರು ಹೆಚ್ಚು; ಹೊಸ ವೈದ್ಯರಲ್ಲಿಗೆ ಹೋದಾಗಲೂ ಈ ಗೊಂದಲವಾಗಿ, ಹೃದ್ರೋಗವಿಲ್ಲದವರಿಗೆ ಹೃದ್ರೋಗಿಯ ಲೆಕ್ಕದಲ್ಲಿ ಮಾತ್ರೆ ಬರೆದದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ‘ಹೊಟ್ಟೆಯ ಬೈಪಾಸ್, ತೂಕಕ್ಕಾಗಿ ಮಾಡಿದ್ದು’ ಎಂದು ಬಿಡಿಸಿ ಹೇಳಬೇಕು.

ಸ್ಲೀವ್ ಎಂದರೆ ಜಠರದ ದೊಡ್ಡ ಭಾಗವನ್ನು ಕತ್ತರಿಸಿ ತೆಗೆದು ಬಾಳೆಕಾಯಿಯಂಥ ಒಂದು ಕೊಳವೆಯನ್ನು ಉಳಿಸುವುದು. ಕರುಳಿನ ದಾರಿ ಮೊದಲಿನಂತೆಯೇ ಇರುತ್ತದೆ. ಬೈಪಾಸ್‌ನಲ್ಲಿ ಜಠರವನ್ನು ಪುಟ್ಟ ಚೀಲವಾಗಿಸಿ, ಸಣ್ಣಕರುಳಿನ ಮೊದಲ ಭಾಗವನ್ನು ಬಿಟ್ಟು ಆಹಾರವನ್ನು ಮುಂದಕ್ಕೆ ಸಾಗಿಸುತ್ತಾರೆ. ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ರಟ್ಲೆಜ್ 1997ರಲ್ಲಿ ಆರಂಭಿಸಿದ, ಒಂದೇ ಜೋಡಣೆಯ ಮಿನಿ ಬೈಪಾಸ್ ಕೂಡ ಈ ಗುಂಪಿಗೇ ಸೇರುತ್ತದೆ. ಹೆಸರಿನಲ್ಲಿ ‘ಮಿನಿ’ ಇದ್ದರೂ ಬಿಟ್ಟುಹೋಗುವ ಕರುಳಿನ ಉದ್ದದಲ್ಲಿ ಅದು ಸಣ್ಣದೇನಲ್ಲ. ಎಷ್ಟು ಸೆಂಟಿಮೀಟರ್ ಬಿಟ್ಟಿದ್ದಾರೆಂಬುದು ಕಾರ್ಡಿನಲ್ಲಿದ್ದರೆ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಇದು ಇಷ್ಟು ಮುಖ್ಯವಾಗುವುದಕ್ಕೆ ಕಾರಣ ಪಿತ್ತರಸ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸಿ ಕರುಳಿಗೆ ಬಿಡುತ್ತದೆ. ಕೊಬ್ಬನ್ನು ಜೀರ್ಣಿಸುವ ಕೆಲಸ ಮುಗಿದ ಮೇಲೆ ಅವುಗಳಲ್ಲಿ ನೂರಕ್ಕೆ ಸುಮಾರು 95 ಪಾಲು ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಟ್ಟು ಯಕೃತ್ತಿಗೇ ಮರಳುತ್ತದೆ. ಈ ಮರಳುವ ದಾರಿ ತುಂಡಾದರೆ ಯಕೃತ್ತು ಹೊಸ ಪಿತ್ತಾಮ್ಲ ತಯಾರಿಸಲು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಒಳಗೆಳೆದುಕೊಳ್ಳಬೇಕಾಗುತ್ತದೆ. ಅಮೆರಿಕದ ಮಿನ್ನೆಸೋಟದ ಶಸ್ತ್ರವೈದ್ಯ ಹೆನ್ರಿ ಬುಕ್‌ವಾಲ್ಡ್ ಮತ್ತು ಸಂಗಡಿಗರು ಈ ಸೂತ್ರವನ್ನೇ ಹಿಡಿದು, ಹೃದಯಾಘಾತವಾಗಿ ಬದುಕುಳಿದ 838 ಮಂದಿಯ ಮೇಲೆ ಅಧ್ಯಯನ ನಡೆಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಕರುಳಿನ ಕೊನೆಯ ಭಾಗವನ್ನು ತಪ್ಪಿಸುವ ಶಸ್ತ್ರಚಿಕಿತ್ಸೆ ಮಾಡಿದ್ದರು. 1990ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶಸ್ತ್ರಚಿಕಿತ್ಸೆಯಾದವರ ಎಲ್‌ಡಿಎಲ್ ಉಳಿದವರಿಗಿಂತ ಸುಮಾರು ಶೇ. 38ರಷ್ಟು ಕಡಿಮೆಯಿತ್ತು. ಅದು ತೂಕಕ್ಕಾಗಿ ಮಾಡಿದ್ದಲ್ಲ, ಕೊಲೆಸ್ಟ್ರಾಲಿಗಾಗಿಯೇ ಮಾಡಿದ್ದು. ಇಂದಿನ ತೂಕದ ಬೈಪಾಸ್ ಬೇರೆ ಜಾಗದಲ್ಲಿ ಕರುಳನ್ನು ಜೋಡಿಸಿದರೂ ಕೊಬ್ಬು ಮತ್ತು ಕೊಲೆಸ್ಟ್ರಾಲಿನ ಹೀರಿಕೆ ಅದರಲ್ಲಿ ತಗ್ಗುವುದರಿಂದ ಎಲ್‌ಡಿಎಲ್ ಸಾಕಷ್ಟು ಇಳಿಯುತ್ತದೆ.

ಸ್ಲೀವ್ ಆದವರಲ್ಲಿ ಟ್ರೈಗ್ಲಿಸರೈಡ್ ಇಳಿಯುವುದು, ಎಚ್‌ಡಿಎಲ್ ಏರುವುದು ಸಾಮಾನ್ಯ. ಎಲ್‌ಡಿಎಲ್ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಹೀಗಾಗಿ ಬೈಪಾಸ್ ಆದವರಲ್ಲಿ 50 ಬಂದರೆ ನಾನು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಸ್ಲೀವ್ ಆದವರಲ್ಲಿ, ಅದೂ ಕೊಲೆಸ್ಟ್ರಾಲಿನ ಮಾತ್ರೆ ತೆಗೆದುಕೊಳ್ಳದವರಲ್ಲಿ, ಅದೇ 50 ಬಂದರೆ ಕಾರಣ ಹುಡುಕಲು ಹೇಳುತ್ತೇನೆ.

ಎರಡನೆಯ ಹೆಜ್ಜೆ: ಅಂಕಿ ನಂಬುವಂಥದ್ದೇ?

ಒಟ್ಟು ಕೊಲೆಸ್ಟ್ರಾಲ್ 120ಕ್ಕಿಂತ, ಅಥವಾ ಎಲ್‌ಡಿಎಲ್ 50ಕ್ಕಿಂತ ಕೆಳಗಿದ್ದರೆ ವೈದ್ಯಕೀಯ ಪುಸ್ತಕಗಳು ಅದನ್ನು ಕಡಿಮೆ ಎನ್ನುತ್ತವೆ. ಇಲ್ಲಿ ಹೇಳುವ ಕೊಲೆಸ್ಟ್ರಾಲಿನ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದವು. ಗಲ್ಫಿನಲ್ಲಿರುವ ಮಗನ ಬಳಿ ಹೋಗಿದ್ದಾಗ ಅಲ್ಲಿ ಮಾಡಿಸಿದ ವರದಿಯಲ್ಲಿ ‘2.5’ ಎಂದು ಕಂಡು ಗಾಬರಿಯಾದವರಿದ್ದಾರೆ. ಅದು ಮಿಲಿಮೋಲ್ ಲೆಕ್ಕ, 38.67ರಿಂದ ಗುಣಿಸಿದರೆ 97 ಆಗುತ್ತದೆ.

ಇನ್ನೊಂದು ಒಳಗಿನ ಮಾತು. ಬಹಳಷ್ಟು ಪ್ರಯೋಗಾಲಯಗಳಲ್ಲಿ ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವ ಈ ಸೂತ್ರ 1972ರಲ್ಲಿ ಫ್ರೀಡ್‌ವಾಲ್ಡ್ ಕೊಟ್ಟದ್ದು. ಮೇಲಿನ ವರದಿಯನ್ನೇ ನೋಡಿ: 98ರಲ್ಲಿ 41 ಮತ್ತು 19 ಕಳೆದರೆ 38. ಎಲ್‌ಡಿಎಲ್ ತೀರಾ ಕಡಿಮೆಯಿರುವಾಗ ಈ ಸೂತ್ರ ಇದ್ದದ್ದಕ್ಕಿಂತಲೂ ಕಡಿಮೆ ತೋರಿಸುವುದುಂಟು. ಅಂಕಿಯ ಮೇಲೆ ಔಷಧದ ತೀರ್ಮಾನ ನಿಂತಿದ್ದರೆ ‘ಡೈರೆಕ್ಟ್ ಎಲ್‌ಡಿಎಲ್’ ಎಂದು ಕೇಳಿ ಮಾಡಿಸಿ.

ರಕ್ತ ಕೊಟ್ಟ ದಿನವೂ ಲೆಕ್ಕಕ್ಕೆ ಬರುತ್ತದೆ. ಜ್ವರ, ನ್ಯುಮೋನಿಯಾ, ಯಾವುದೇ ಆಪರೇಷನ್ ಆದ ವಾರಗಳಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಇಳಿಯುತ್ತದೆ. ನಮ್ಮ ಊರಿನ ಮಳೆಗಾಲ ಗೊತ್ತಲ್ಲ, ಡೆಂಗಿ, ಟೈಫಾಯ್ಡ್, ಲೆಪ್ಟೊ (ಇಲಿಜ್ವರ) ಇವುಗಳಲ್ಲಿ ಒಂದಲ್ಲ ಒಂದು ಕಟ್ಟಡಕ್ಕೊಂದರಂತೆ ಇರುತ್ತದೆ. ಹಾಗೆ ಮಲಗಿ ಎದ್ದವರು ಕೊಲೆಸ್ಟ್ರಾಲ್ ಪರೀಕ್ಷೆಗೆ ಐದಾರು ವಾರ ಕಾಯುವುದು ಒಳ್ಳೆಯದು. ತೂಕ ಭರದಿಂದ ಇಳಿಯುತ್ತಿರುವ ಮೊದಲ ಕೆಲವು ತಿಂಗಳ ಅಂಕಿಗಳೂ ಸ್ಥಿರವಲ್ಲ. ಆ ಅವಧಿಯಲ್ಲಿ ಎಚ್‌ಡಿಎಲ್ ಕೂಡ ಇಳಿದು, ತೂಕ ನಿಂತ ಮೇಲೆ ಏರುತ್ತದೆ.

ಮೂರನೆಯ ಹೆಜ್ಜೆ: ಮಾತ್ರೆಗಳ ಡಬ್ಬವನ್ನು ಮೇಜಿನ ಮೇಲೆ ಸುರಿಯಿರಿ

ನನ್ನ ಅನುಭವದಲ್ಲಿ ಹೆಚ್ಚಿನ ಉತ್ತರಗಳು ಸಿಗುವುದು ಇಲ್ಲಿಯೇ. ಅಕ್ಕನ ನಾದಿನಿಯ ಪ್ಲಾಸ್ಟಿಕ್ ಡಬ್ಬದಿಂದ ಹೊರಬಂದವುಗಳಲ್ಲಿ ಎರಡು ನನ್ನ ಕಣ್ಣಿಗೆ ಬಿದ್ದವು. ಒಂದು, ಅಟೋರ್ವಾಸ್ಟಾಟಿನ್ 20 ಮಿಲಿಗ್ರಾಂ. ತೂಕ ಹೆಚ್ಚಿದ್ದಾಗ ಕೊಲೆಸ್ಟ್ರಾಲಿಗೆಂದು ಆರಂಭವಾದದ್ದು, ಹಾಗೆಯೇ ಮುಂದುವರಿದಿತ್ತು. ಇನ್ನೊಂದು, ಥೈರಾಯ್ಡ್‌ಗೆ ಕೊಡುವ ಲಿವೊಥೈರಾಕ್ಸಿನ್ 150 ಮೈಕ್ರೊಗ್ರಾಂ. ಅದು 118 ಕಿಲೋ ದೇಹಕ್ಕೆ ಹೊಂದಿಸಿದ ಪ್ರಮಾಣ. ದೇಹದಿಂದ 44 ಕಿಲೋ ಹೋಗಿತ್ತು, ಮಾತ್ರೆಯಿಂದ ಒಂದು ಮೈಕ್ರೊಗ್ರಾಮೂ ಹೋಗಿರಲಿಲ್ಲ. ಕೆಮಿಸ್ಟ್ ಅಂಗಡಿಯವರು ಹಳೆಯ ಚೀಟಿ ನೋಡಿ ತಿಂಗಳು ತಿಂಗಳೂ ಕೊಡುತ್ತಲೇ ಇದ್ದರು.

ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಯಕೃತ್ತು ಎಲ್‌ಡಿಎಲ್ ಅನ್ನು ಹೆಚ್ಚು ವೇಗವಾಗಿ ರಕ್ತದಿಂದ ತೆಗೆಯುತ್ತದೆ. ಜೊತೆಗೆ ಎದೆಬಡಿತ, ಕೈನಡುಕ, ನಿದ್ರೆಗೇಡು, ಮೂಳೆಸವೆತ ಇವೂ ಬರುತ್ತವೆ. ಮನೆಯವರು ಇವನ್ನೆಲ್ಲ ‘ಆಪರೇಷನ್ನಿನ ನಿಶ್ಶಕ್ತಿ’ ಎಂದು ಭಾವಿಸಿರುತ್ತಾರೆ. ನಾದಿನಿಯವರ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಹೆಚ್ಚಾದರೆ ಇಳಿಯುವ ಅಂಕಿ) ಮಾಡಿಸಿದಾಗ 0.08 ಬಂತು, ಅದು ತೀರಾ ಕಡಿಮೆ, ಎಂದರೆ ಮಾತ್ರೆ ಹೆಚ್ಚಾಗಿತ್ತು.

ಆದರೆ ಒಂದು ಎಚ್ಚರಿಕೆ. ಎಲ್‌ಡಿಎಲ್ ಕಡಿಮೆ ಬಂದಿತೆಂದು ಸ್ಟಾಟಿನ್ ಅನ್ನು (ಅಟೋರ್ವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯನ್ನು) ನೀವೇ ನಿಲ್ಲಿಸಬೇಡಿ. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು, ಬಹುಕಾಲದ ಮಧುಮೇಹಿಗಳು, ಇವರಲ್ಲಿ ವೈದ್ಯರು ಬೇಕೆಂದೇ ಎಲ್‌ಡಿಎಲ್ ಅನ್ನು 50ಕ್ಕಿಂತ ಕೆಳಗೆ ಇಟ್ಟಿರಬಹುದು. 2017ರಲ್ಲಿ ಪ್ರಕಟವಾದ ಫೊರಿಯರ್ ಅಧ್ಯಯನದಲ್ಲಿ 27,564 ರೋಗಿಗಳಿದ್ದರು. ಎಲ್‌ಡಿಎಲ್ ಇಳಿಸುವ, ಆಗ ಹೊಸದಾಗಿದ್ದ ಚುಚ್ಚುಮದ್ದನ್ನು ಪಡೆದವರ ಎಲ್‌ಡಿಎಲ್ 92ರ ಆಸುಪಾಸಿನಿಂದ 30ಕ್ಕೆ ಇಳಿದಿತ್ತು, ಹೃದಯಾಘಾತಗಳು ತಗ್ಗಿದವು, ಆ ಸುಮಾರು ಎರಡು ವರ್ಷಗಳ ಅವಧಿಯಲ್ಲಿ ಅಷ್ಟು ಕಡಿಮೆ ಅಂಕಿಯಿಂದಲೇ ಗಂಭೀರ ತೊಂದರೆಯಾದದ್ದು ಕಾಣಲಿಲ್ಲ. ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿಯೂ ಎಲ್‌ಡಿಎಲ್ 30ರ ಆಸುಪಾಸಿನಲ್ಲಿಯೇ ಇರುತ್ತದೆ. ಕೊಲೆಸ್ಟ್ರಾಲ್ ಜೀವಕೋಶದ ಪೊರೆಗೆ, ಡಿ ಜೀವಸತ್ವಕ್ಕೆ, ಹಾರ್ಮೋನುಗಳಿಗೆ ಬೇಕೆಂಬುದು ನಿಜ; ಆದರೆ ಬಹುತೇಕ ಪ್ರತಿಯೊಂದು ಜೀವಕೋಶವೂ ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಮದ್ದಿನಿಂದ ಇಳಿಸಿದ 38 ಒಂದು, ಹಸಿವಿನಿಂದ ಇಳಿದ 38 ಇನ್ನೊಂದು.

ನಾಲ್ಕನೆಯ ಹೆಜ್ಜೆ: ಹಸಿವಿನ ಗುರುತುಗಳನ್ನು ಹುಡುಕಿ

ಕೊಲೆಸ್ಟ್ರಾಲ್ ವರದಿಯ ಜೊತೆಗೆ ಆಲ್ಬುಮಿನ್ (ರಕ್ತದಲ್ಲಿನ ಮುಖ್ಯ ಪ್ರೋಟೀನ್), ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸುವುದು), ಬಿ12, ಡಿ ಜೀವಸತ್ವ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಅನ್ನು ಹತೋಟಿಯಲ್ಲಿಡುವ ಹಾರ್ಮೋನು), ಯಕೃತ್ತಿನ ಪರೀಕ್ಷೆ ಮತ್ತು ಟಿಎಸ್‌ಎಚ್ ಇರಲಿ. ಬೈಪಾಸ್ ಆದವರಿಗೆ ಎ ಜೀವಸತ್ವವನ್ನೂ ನೋಡಬೇಕೇ ಎಂದು ಕೇಳಿ. ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದ್ದು ಕೊಲೆಸ್ಟ್ರಾಲೂ ಕೆಳಗಿದ್ದರೆ ಪ್ರೋಟೀನ್ ಸಾಲದಾಗಿದೆ, ಅಥವಾ ತಿಂದದ್ದು ಮೈಗೆ ಹತ್ತುತ್ತಿಲ್ಲ, ಅಥವಾ ಯಕೃತ್ತಿನಲ್ಲೋ ಬೇರೆಡೆಯೋ ತೊಂದರೆಯಿದೆ. ಕ್ಯಾಲ್ಸಿಯಂ ಅಂಕಿ ಸರಿಯಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ದೇಹ ಮೂಳೆಯಿಂದ ಕಿತ್ತುಕೊಂಡಾದರೂ ಅದನ್ನು ಸರಿಯಾಗಿಟ್ಟಿರುತ್ತದೆ, ಆ ಗುಟ್ಟು ಬಯಲಾಗುವುದು ಪಿಟಿಎಚ್ ಏರಿದಾಗ.

ಶೌಚದ ವಿಷಯವನ್ನು ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು. ಮಲ ಎಣ್ಣೆಯಾಗಿ, ತೇಲಿ, ಕಮೋಡಿಗೆ ಅಂಟಿ, ಎರಡು ಮೂರು ಸಲ ಫ್ಲಶ್ ಮಾಡಬೇಕಾಗುತ್ತಿದ್ದರೆ ಕೊಬ್ಬು ಹೀರಲ್ಪಡುತ್ತಿಲ್ಲ ಎಂದರ್ಥ. ಕೊಬ್ಬಿನ ಜೊತೆಗೆ ಎ, ಡಿ, ಇ, ಕೆ ಜೀವಸತ್ವಗಳೂ ಹೊರಟುಹೋಗುತ್ತವೆ. ಮುಸ್ಸಂಜೆ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಗುವುದು ಎ ಜೀವಸತ್ವದ ಕೊರತೆ ಇರಬಹುದು. ತಾಗದೆಯೇ ಮೈಮೇಲೆ ನೀಲಿಗಟ್ಟುವುದು ಕೆ ಜೀವಸತ್ವದ್ದು. ಸೊಂಟ, ತೊಡೆ ನೋವು ಡಿ ಜೀವಸತ್ವದ್ದು. ಕಾಲು ಊದುವುದು, ಕೂದಲು ಹಿಡಿಹಿಡಿಯಾಗಿ ಉದುರುವುದು ಇವನ್ನೂ ಬರೆದಿಟ್ಟುಕೊಳ್ಳಿ. ತೂಕ ಇಳಿದು ನಿಂತು ಒಂದೆರಡು ವರ್ಷವಾದ ಮೇಲೆ ಮತ್ತೆ ಇಳಿಯತೊಡಗಿದರೆ ಸಂತೋಷಪಡಬೇಡಿ. ಸಂಜೆಯ ಜ್ವರ, ಕೆಮ್ಮು ಜೊತೆಗಿದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಮುಂಬಯಿಯಲ್ಲಿ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು ಒಂದುಂಟು. ದಿನಗಟ್ಟಲೆ ವಾಂತಿಯಾಗಿ, ಆಮೇಲೆ ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ಕಂಡರೆ ಅದು ಬಿ1 ಜೀವಸತ್ವದ, ಅಂದರೆ ಥಯಾಮಿನ್‌ನ, ಕೊರತೆಯಾಗಿರಬಹುದು. ತಡವಾದರೆ ಮೆದುಳಿಗೆ ಶಾಶ್ವತ ಹಾನಿ. ತುರ್ತು ವಿಭಾಗದಲ್ಲಿ ‘ಹೊಟ್ಟೆಯ ಬೈಪಾಸ್ ಆಗಿದೆ, ಗ್ಲೂಕೋಸ್ ಹಾಕುವ ಮುನ್ನ ಥಯಾಮಿನ್ ಕೊಡಬೇಕೇ ನೋಡಿ’ ಎಂದು ಬಾಯಿಬಿಟ್ಟು ಹೇಳಿ.

ಐದನೆಯ ಹೆಜ್ಜೆ: ತಟ್ಟೆಯ ಲೆಕ್ಕ

ನಾದಿನಿಯವರ ಆಲ್ಬುಮಿನ್ 3.1 ಬಂದಿತ್ತು. ಹಿಂದಿನ ದಿನ ಏನು ತಿಂದಿರೆಂದು ಕೇಳಿದೆ. ಬೆಳಿಗ್ಗೆ ತುಪ್ಪದ ಗಂಜಿ, ಮಧ್ಯಾಹ್ನ ಒಂದೂವರೆ ನೀರುದೋಸೆ ಮತ್ತು ಚಟ್ನಿ, ಸಂಜೆ ಚಹಾ ಮತ್ತು ಖಾರಿ ಬಿಸ್ಕತ್ತು, ರಾತ್ರಿ ಎರಡು ಚಮಚ ಅನ್ನ ಮತ್ತು ತಿಳಿಸಾರು. ಪ್ರೋಟೀನ್ 20 ಗ್ರಾಂ ದಾಟಿರಲಿಲ್ಲ. ಬೇಕಾದದ್ದು ದಿನಕ್ಕೆ 60ರಿಂದ 80 ಗ್ರಾಂ. ಶ್ರಾವಣವೆಂದು ಮೀನು, ಮೊಟ್ಟೆ ಎರಡನ್ನೂ ಬಿಟ್ಟಿದ್ದರು, ಬಿಟ್ಟ ಜಾಗಕ್ಕೆ ಏನನ್ನೂ ತಂದಿರಲಿಲ್ಲ. ಉಪವಾಸದ ದಿನಗಳಲ್ಲಿ ಸಾಬುದಾನೆ ಖಿಚಡಿ. ಸಾಬುದಾನೆ ಎಂದರೆ ಬರೀ ಪಿಷ್ಟ, ಅದರಲ್ಲಿ ಪ್ರೋಟೀನ್ ಇಲ್ಲವೆಂದರೂ ಆದೀತು. ವ್ರತ ಬಿಡಿರೆಂದು ನಾನು ಹೇಳಲಾರೆ. ಆದರೆ ಈ ಶಸ್ತ್ರಚಿಕಿತ್ಸೆಯಾದವರು ವ್ರತದ ತಿಂಗಳಿಗೆ ಮೊದಲೇ ಪನೀರು, ಮೊಸರು, ಹಾಲು, ಪ್ರೋಟೀನ್ ಪುಡಿಯ ಏರ್ಪಾಡು ಮಾಡಿಕೊಳ್ಳಲೇಬೇಕು.

ಲೆಕ್ಕಕ್ಕೆ ಅಂದಾಜು ಅಂಕಿಗಳು: ಒಂದು ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಬಂಗುಡೆ ಅಥವಾ ಅಂಜಲ್‌ಗೆ 18ರಿಂದ 20, 200 ಮಿಲಿಲೀಟರ್ ಹಾಲಿಗೆ 6, ಒಂದು ವಾಟಿ (ಸಣ್ಣ ಬಟ್ಟಲು) ಗಟ್ಟಿ ಬೇಳೆಗೆ 6, 50 ಗ್ರಾಂ ಪನೀರಿಗೆ 9, 25 ಗ್ರಾಂ ಒಣ ಸೋಯಾ ಉಂಡೆಗೆ 13, ಒಂದು ಅಳತೆ ವೇ ಪ್ರೋಟೀನ್ ಪುಡಿಗೆ 20ಕ್ಕಿಂತ ಹೆಚ್ಚು. ಶುದ್ಧ ಸಸ್ಯಾಹಾರಿಗಳು ಪುಡಿಯಿಲ್ಲದೆ ಗುರಿ ಮುಟ್ಟುವುದು ಕಷ್ಟವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹೊಟ್ಟೆಯಲ್ಲಿ ಜಾಗವೇ ಇಲ್ಲ. ಆ ಕಾರಣಕ್ಕಾಗಿಯೇ ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ ಅಥವಾ ಚಪಾತಿ; ನೀರು ಊಟವಾಗಿ ಅರ್ಧ ಗಂಟೆಯ ಮೇಲೆ.

ಇನ್ನು ತುಪ್ಪದ ವಿಷಯ. ಅಂಕಿ ಏರಿಸಲೆಂದು ತುಪ್ಪ, ತೆಂಗಿನೆಣ್ಣೆ, ಕರಿದ ತಿಂಡಿ ತಿನ್ನುವುದು ತಪ್ಪು ದಾರಿ. ಬೈಪಾಸ್ ಆದವರಲ್ಲಿ ಅದು ಭೇದಿಯನ್ನಷ್ಟೇ ತಂದೀತು, ಪ್ರೋಟೀನಿನ ಜಾಗವನ್ನೂ ತಿಂದೀತು. ಹಾಗೆಂದು ಎಣ್ಣೆಯನ್ನು ಪೂರ್ತಿ ಬಿಡುವುದೂ ಸಲ್ಲದು. ಎ, ಡಿ, ಇ, ಕೆ ಜೀವಸತ್ವಗಳು ಹೀರಲ್ಪಡಲು ಸ್ವಲ್ಪ ಕೊಬ್ಬು ಬೇಕು. ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗಲೂ ಬೇಕು. ತೂಕ ಬೇಗ ಇಳಿಯುವಾಗ, ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿದಿದ್ದರೂ, ಪಿತ್ತರಸದಲ್ಲಿ ಅದು ಗಟ್ಟಿಯಾಗಿ ಕಲ್ಲಾಗುವ ಸಂಭವ ಹೆಚ್ಚು. ಪಿತ್ತಕೋಶ ಉಳಿದಿರುವವರಿಗೆ ಮೊದಲ ಆರು ತಿಂಗಳು ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದು ಇದಕ್ಕೇ. ಅದನ್ನು ಕೊಲೆಸ್ಟ್ರಾಲಿನ ಮಾತ್ರೆಯೆಂದು ತಿಳಿದು ನಿಲ್ಲಿಸಿದವರಿದ್ದಾರೆ.

ಆರನೆಯ ಹೆಜ್ಜೆ: ಪೂರಕ ಮಾತ್ರೆಗಳ ವೇಳಾಪಟ್ಟಿ

ಇವು ಜೀವನಪರ್ಯಂತ ಬೇಕಾದವು. ಮಲ್ಟಿವಿಟಮಿನ್, ಬಿ12, ಡಿ ಜೀವಸತ್ವ, ಕಬ್ಬಿಣ, ಮತ್ತು ದಿನಕ್ಕೆ ಒಟ್ಟು 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಸಿಟ್ರೇಟ್ ರೂಪದಲ್ಲಿದ್ದರೆ ಆಮ್ಲ ಕಡಿಮೆಯಿರುವ ಜಠರದಲ್ಲಿಯೂ ಹೀರಲ್ಪಡುತ್ತದೆ, ಒಂದೇ ಬಾರಿಗೆ ನುಂಗದೆ ಎರಡು ಮೂರು ಪಾಲು ಮಾಡಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ನಡುವೆ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ನಡುವೆ ನಾಲ್ಕು ಗಂಟೆ ಅಂತರವಿರಲಿ. 7.42ರ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಇದು ಸುಲಭವಲ್ಲವೆಂದು ಬಲ್ಲೆ. ಎದ್ದಕೂಡಲೇ ಥೈರಾಯ್ಡ್ ಮಾತ್ರೆ, ಆಫೀಸಿನ ಊಟದ ಜೊತೆ ಕ್ಯಾಲ್ಸಿಯಂ, ಸಂಜೆ ಮನೆ ತಲುಪಿ ಮತ್ತೆ ಕ್ಯಾಲ್ಸಿಯಂ, ಮಲಗುವ ಮುನ್ನ ಕಬ್ಬಿಣ, ಹೀಗೆ ಹೊಂದಿಸಿಕೊಂಡವರು ನನ್ನ ಪರಿಚಯದಲ್ಲಿದ್ದಾರೆ.

ಏಳನೆಯ ಹೆಜ್ಜೆ: ಮುಂದಿನ ಪರೀಕ್ಷೆ

ಶಸ್ತ್ರಚಿಕಿತ್ಸೆಯ ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಮಾನ್ಯ; ಮಾತ್ರೆ ಬದಲಾದರೆ ಅದಕ್ಕೂ ಮುಂಚೆ. ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯಕ್ಕೆ ಹೋಗಿ. ಒಂದು ಹಾಳೆಯ ಮೇಲೆ ಶಸ್ತ್ರಚಿಕಿತ್ಸೆಯ ಹೆಸರು ಮತ್ತು ದಿನಾಂಕ, ಪ್ರತಿ ತಿಂಗಳ ತೂಕ, ಈಗಿನ ಎಲ್ಲ ಮಾತ್ರೆಗಳು ಮತ್ತು ಅವು ಆರಂಭವಾದಾಗಿನ ತೂಕ, ಮೂರು ದಿನದ ಊಟ, ಇಷ್ಟನ್ನು ಬರೆದು ವರದಿಯ ಮೇಲೆ ಪಿನ್ ಮಾಡಿ. ವೈದ್ಯರಿಗೆ ಕೇಳಬೇಕಾದದ್ದು: ಈ ತೂಕಕ್ಕೆ ಈ ಮಾತ್ರೆಗಳ ಪ್ರಮಾಣ ಸರಿಯೇ? ನನಗೆ ಸ್ಟಾಟಿನ್ ಬೇಕಾದದ್ದು ಹೃದಯದ ಕಾರಣಕ್ಕೋ, ಹಳೆಯ ಅಂಕಿಯ ಕಾರಣಕ್ಕೋ? ತಿಂದದ್ದು ಮೈಗೆ ಹತ್ತುತ್ತಿದೆಯೇ?

ನಾದಿನಿಯವರಿಗೆ ಮಧುಮೇಹವಾಗಲಿ ಹೃದ್ರೋಗವಾಗಲಿ ಇರಲಿಲ್ಲ. ವೈದ್ಯರು ಸ್ಟಾಟಿನ್ ನಿಲ್ಲಿಸಿ, ಥೈರಾಯ್ಡ್ ಮಾತ್ರೆಯನ್ನು 100 ಮೈಕ್ರೊಗ್ರಾಂಗೆ ಇಳಿಸಿ, ಆಹಾರತಜ್ಞೆಯ ಬಳಿ ಕಳುಹಿಸಿದರು. ಮೂರು ತಿಂಗಳ ನಂತರದ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 131, ಎಲ್‌ಡಿಎಲ್ 64, ಎಚ್‌ಡಿಎಲ್ 46, ಟ್ರೈಗ್ಲಿಸರೈಡ್ 105, ಆಲ್ಬುಮಿನ್ 3.7. ತೂಕ 75 ಕಿಲೋ, ಒಂದು ಕಿಲೋ ಏರಿತ್ತು. ಅದರ ಬಗ್ಗೆ ಅವರು ಇನ್ನೂ ಗೊಣಗುತ್ತಾರೆ.